ಹಾಕಿದ್ದು ಎಷ್ಟು ಹೊತ್ತಿಗೆ

ಎದುರು ಸೀಟಿನ ಮರಾಠಿ ಹೆಂಗಸು ಬಟಾಣಿ ಸುಲಿಯುತ್ತಿದ್ದಾಳೆ, ಲೋಕಲ್ ರೈಲು ಚೆಂಬೂರು ಬಿಟ್ಟು ಸಿಗ್ನಲ್ಲಿಗೆ ನಿಂತಿದೆ, ನನ್ನ ತೊಡೆಯ ಮೇಲೆ ಖಾಲಿ ಹಾಳೆ — ಶಾಮಲಾ, ಕಂಪ್ಯೂಟರಿಗೆ ವೈರಸ್ ಬಂದರೆ ಯಾರು ಏನು ಮಾಡಬೇಕು, ಒಂದು ಪ್ಲಾನ್ ಬರೆದು ತಾ, ನಿನಗೆ ಅನುಭವ ಇದೆಯಲ್ಲ, ಅಂದರು ಮಲಾಡಿನ ಹೊಸ ಆಫೀಸಿನ ಸಾಹೇಬರು — ಇದೆ, ಇಲ್ಲದೆ ಏನು, ನಾಲ್ಕು ವರ್ಷದ ಹಿಂದೆ, ಎಂಬತ್ತೊಂಬತ್ತರಲ್ಲಿ, ವಡಾಲದ ಆ ರಕ್ತನಿಧಿ, ಎರಡೇ ಕಂಪ್ಯೂಟರು, ಚಪ್ಪಲಿ ಬಾಗಿಲಾಚೆ ಬಿಟ್ಟು ದೇವರ ಮನೆಗೆ ಹೋದ ಹಾಗೆ ಹೋಗಬೇಕು, ಶಾಮಣ್ಣನವರ ಹೆಂಡತಿ ಹಳೇ ಸೀರೆಯಲ್ಲಿ ಹೊಲಿದುಕೊಟ್ಟ ಮುಸುಕು ತೆಗೆದು ಮಡಿಸಬೇಕು, ಎಷ್ಟು ಚೆನ್ನಾಗಿತ್ತು, ಮಲಾಡಿನವರು ಬೂಟು ಹಾಕಿಕೊಂಡೇ ನುಗ್ಗುತ್ತಾರೆ. ಆ ಕೋಣೆಗೆ ಶಾಮಣ್ಣನವರೇ ಯಜಮಾನರು, ಮೈಸೂರಿನ ಮೆತ್ತನೆ ಮಾತು, ಆರು ವರ್ಷ ಚಾಳು ಚಾಳು, ವಠಾರ ವಠಾರ ಅಲೆದು ರಕ್ತ ಕೊಡುವವರ ಹೆಸರು, ವಿಳಾಸ, ರಕ್ತದ ಗುಂಪು ಕೂಡಿಸಿ ಕಂಪ್ಯೂಟರಿಗೇ ತುಂಬಿಸಿದ್ದರು, ವೈರಸ್ ಅಂತ ಪತ್ರಿಕೆಯಲ್ಲಿ ಓದಿದ ದಿನವೇ ಗೋಡೆಗೆ ಪ್ಲಾನ್ ಅಂಟಿಸಿದರು, ಡಾಕ್ಟರುಗಳು ಇಂಜೆಕ್ಷನ್ ಕೊಡಿ ಅಂತ ನಕ್ಕರು, ಮೂರೇ ಸಾಲು — ಒಂದು, ಮೊದಲು ಯಂತ್ರ ಆರಿಸಿ; ಎರಡು, ಯಾರು ಮಾಡಿದ್ದೆಂದು ಕೇಳಬೇಡಿ, ಎಷ್ಟು ಹೊತ್ತಿಗೆ ಎಂದು ಕೇಳಿ; ಮೂರು, ಆ ಹೊತ್ತಿಗೂ ಮುಂಚಿನ ಪ್ರತಿ ನಂಬಿ.

ಮಾಡಿದವಳು ನಾನು, ತಂಗಿ ವಾರಿಜಾಗೆ ಗಂಡು ಬಂದಿತ್ತು, ಮಾಟುಂಗಾದ ಚಿಕ್ಕಪ್ಪ ಜಾತಕ ಕೂಡಿಸುವ ಫ್ಲಾಪಿ ಕೊಟ್ಟಿದ್ದರು, ಒಂಬತ್ತೂವರೆಗೆ, ಯಾರೂ ಬರುವ ಮುಂಚೆ ಹಾಕಿದೆ, ಮೂವತ್ತಾರಕ್ಕೆ ಇಪ್ಪತ್ತೆಂಟು ಗುಣ, ಎಷ್ಟು ಖುಷಿಯಾಯಿತು ನನಗೆ, ಹತ್ತಕ್ಕೆ ಶಾಮಣ್ಣ ಬಂದು ದಿನದ ಹಾಗೆ ಹೆಸರುಗಳ ಪ್ರತಿಯನ್ನು ಫ್ಲಾಪಿಗೆ ತೆಗೆದರು, ಹನ್ನೊಂದು ದಾಟಿದ ಮೇಲೆ ಪರದೆಯ ಅಕ್ಷರಗಳು ಉದುರತೊಡಗಿದವು, ಅವರು ಪ್ಲಗ್ಗು ಕಿತ್ತರು, ನನ್ನ ಮುಖ ನೋಡಿದರೋ ಏನೋ, ಯಾಕೆ ಅನ್ನಲಿಲ್ಲ, ಬೈಯಲಿಲ್ಲ, ಎಷ್ಟು ಹೊತ್ತಿಗೆ ಹಾಕಿದ್ದಮ್ಮಾ, ಅಷ್ಟೇ — ಈಗ, ಹನ್ನೊಂದಕ್ಕೆ ಅಂದೆ, ಒಂಬತ್ತೂವರೆ ಅಂದರೆ ಕಳ್ಳಿಯ ಹಾಗೆ ಬೆಳಿಗ್ಗೆ ಬಂದದ್ದೂ ಗೊತ್ತಾಗುತ್ತಲ್ಲ, ನಾಚಿಕೆ, ಬರೀ ನಾಚಿಕೆ. ಹಾಗಾದರೆ ಹತ್ತರ ಪ್ರತಿ ಒಳ್ಳೇದೇ ಅಂತ ಅದನ್ನು ಎರಡನೇ ಕಂಪ್ಯೂಟರಿಗೆ ಹಾಕಿದರು, ನಾನು ಬಾಯಿ ಬಿಡಲಿಲ್ಲ, ಅದೂ ಕೆಟ್ಟಿತು, ಅದು ಕೆಟ್ಟದ್ದು ತಿಳಿಯುವ ಮುಂಚೆ, ತಾಳೆ ನೋಡಲೆಂದು ತಮ್ಮ ಮನೆಯಿಂದ ತರಿಸಿದ ಶನಿವಾರದ ಪ್ರತಿಯನ್ನೂ ಅದಕ್ಕೇ ಹಾಕಿದರು, ಅದಕ್ಕೂ ವೈರಸ್ ಹತ್ತಿತು, ಆರು ವರ್ಷದ ಹೆಸರು ಅಲ್ಲಿಗೆ ಮುಗಿಯಿತು.

ಮೂರನೇ ದಿನ ಹೆರಿಗೆಯಾದ ಒಬ್ಬಳಿಗೆ ಓ ನೆಗೆಟಿವ್ ಬೇಕಾಯಿತು, ಭೀಮರಾಯನದು ಅದೇ ರಕ್ತ, ಗುಲಬರ್ಗಾ ಕಡೆಯ ಗಾರೆ ಕೆಲಸದವನು, ವಿಳಾಸವಿಲ್ಲ, ಶಾಮಣ್ಣ ಬಿಸಿಲಲ್ಲಿ ಸೈಟು ಸೈಟು ಹುಡುಕಿದರು, ನಾನೂ ಹಿಂದೆ, ಸಂಜೆ ಸಿಕ್ಕ, ಸಿಮೆಂಟಿನ ಕೈಯಲ್ಲೇ ಹೊರಟ, ಬರ್ತೀನ್ರೀ, ಹೇಳಾಕ ಇಷ್ಟೊತ್ತು ಯಾಕ ಮಾಡಿದ್ರಿ — ತಪ್ಪು ನಂದೇ ಕಣಪ್ಪಾ, ನನ್ನ ಪ್ಲಾನೇ ಸರಿಯಿರಲಿಲ್ಲ, ಅಂದರು ಶಾಮಣ್ಣ, ಆಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ, ರಕ್ತ ತಲುಪುವಾಗ ಹೊತ್ತು ಮೀರಿತ್ತು, ಆ ಹೆಂಗಸು ಉಳಿಯಲಿಲ್ಲ, ಮಾರನೇ ದಿನ ಅವರು ಸ್ಟೂಲು ಹತ್ತಿ, ಗೋಡೆಯ ಹಾಳೆಗೆ ಸ್ಕೇಲು ಇಟ್ಟು — ಎದುರು ಸೀಟಿನವಳು ಬಟಾಣಿ ಚೀಲ ಕಟ್ಟುತ್ತಿದ್ದಾಳೆ, ವಡಾಲ ಬಂತು, ಮಲಾಡಿಗೆ ಇಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕು, ಹಾಳೆ ಇನ್ನೂ ಖಾಲಿ, ಏನು ಬರೆಯಲಿ, ತಮ್ಮ ನಿವೃತ್ತಿಯ ದಿನವೂ ಶಾಮಣ್ಣ ನನಗೆ ಒಳ್ಳೇ ಹುಡುಗಿ ಅಂದರು — ಸ್ಕೇಲು ಇಟ್ಟು, ನೀಲಿ ಪೆನ್ನಿನಲ್ಲಿ, ಮೂರನೇ ಸಾಲನ್ನು, ಮುಂಚಿನ ಪ್ರತಿ ನಂಬಿ ಎಂಬ, ಸರಿಯಾಗಿದ್ದ ಆ ಸಾಲನ್ನು, ಹೊಡೆದುಹಾಕುತ್ತಿದ್ದಾರೆ, ನಾನು ಸ್ಟೂಲು ಹಿಡಿದುಕೊಂಡಿದ್ದೇನೆ