ಏನೂ ಕಾಣದ ಸ್ಕ್ಯಾನ್

ನನ್ನ ಹೆಂಡತಿಗೆ ವರ್ಷದಿಂದ ಸೊಂಟನೋವು. ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವವಳು. ಈಚೆಗೆ ಮಲಗಿದಲ್ಲಿ ಮಗ್ಗುಲು ಬದಲಿಸಲೂ ಗೋಡೆ ಹಿಡಿಯುತ್ತಿದ್ದಳು. ಮಾತ್ರೆ, ಮುಲಾಮು, ಅವರಿವರು ಹೇಳಿದ ವ್ಯಾಯಾಮ ಎಲ್ಲ ಆಯಿತು. ಕೊನೆಗೆ ಡಾಕ್ಟರು ಬೆನ್ನಿಗೆ ಎಂಆರ್‌ಐ ಬರೆದುಕೊಟ್ಟರು.

ಆಸ್ಪತ್ರೆಯ ವಿಮೆ ಕೌಂಟರಿನೆದುರು ಅರ್ಧ ದಿನ ಕೂತೆವು. ನಾನು ಬಸ್ ಓಡಿಸುವವನು, ಕಾಯುವುದೆಂದರೆ ಮೈಯೆಲ್ಲ ಉರಿ. ಕೌಂಟರಿನ ಹುಡುಗಿ ಪಾಪ, ಬೆಳಗಿನಿಂದ ಅದನ್ನೇ ಹೇಳಿ ಹೇಳಿ ಸುಸ್ತಾಗಿದ್ದಳು. ಬರೀ ಸ್ಕ್ಯಾನ್‌ಗೆ ವಿಮೆ ಇಲ್ಲವಂತೆ. ಅದರಲ್ಲಿ ರೋಗ ಸಿಕ್ಕಿ, ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದರೆ ಮಾತ್ರ ಸ್ಕ್ಯಾನಿನ ದುಡ್ಡೂ ವಾಪಸ್. ಏನೂ ಸಿಗದಿದ್ದರೆ ನಮ್ಮ ಕೈಯಿಂದಲೇ.

"ಅಂದ್ರೆ ಕಾಯಿಲೆ ಇದ್ರೇನೇ ಲಾಭ ಅನ್ನಿ," ಎಂದೆ. ತಮಾಷೆಗೆ ಅಂದದ್ದು. ಪಕ್ಕದಲ್ಲಿದ್ದ ಹೆಂಡತಿ ನಗಲಿಲ್ಲ.

ದುಡ್ಡು ಕಟ್ಟಿದ ಮೇಲೆ ಅವಳು ಓಲೆ ಬಿಚ್ಚಿ ನನ್ನ ಕೈಗಿಟ್ಟು ಸ್ಕ್ಯಾನ್ ಕೋಣೆಯೊಳಗೆ ಹೋದಳು. ಬಾಗಿಲಾಚೆ ಆ ಯಂತ್ರ ಧಡಧಡ ಬಡಿದುಕೊಳ್ಳುತ್ತಿತ್ತು. ದೇವರೇ, ಏನೂ ಸಿಗದಿರಲಿ ಎಂದುಕೊಂಡೆ. ಮರುಗಳಿಗೆಗೇ, ಏನಾದರೂ ಸಿಕ್ಕರೆ ಈ ನೋವಿಗೊಂದು ದಾರಿಯಾದರೂ ಆದೀತು ಅನ್ನಿಸಿತು. ಹೀಗೆ ಯೋಚಿಸಿಯೇ ನನಗೆ ಸಾಕುಸಾಕಾಯಿತು.

ಡಾಕ್ಟರು ಪರದೆಯನ್ನು ನಮ್ಮತ್ತ ತಿರುಗಿಸಿದರು. ಇವು ಮೂಳೆ, ನಡುವೆ ಇರುವುದು ಮೆತ್ತೆ, ಇದು ನರ, ಎಲ್ಲ ಸರಿಯಾಗಿಯೇ ಇವೆ ಎಂದರು. ಹಾಗೆಂದು ನೋವು ಸುಳ್ಳಲ್ಲ, ಕಾರಣ ಬೆನ್ನುಮೂಳೆಯಲ್ಲಿಲ್ಲ ಅಷ್ಟೆ. ಸೊಂಟದ ಕೀಲಿಗೆ ಇನ್ನೊಂದು ಸ್ಕ್ಯಾನ್ ಮಾಡಿಸಿ ನೋಡಬೇಕು ಎಂದರು.

ಹೆಂಡತಿ ನೆಲ ನೋಡುತ್ತ ಕೂತಿದ್ದಳು. "ತಪ್ಪಾಯ್ತು ರೀ," ಎಂದಳು ನನಗೆ. "ಏನೂ ಸಿಗ್ಲಿಲ್ಲ." ಆಮೇಲೆ ಡಾಕ್ಟರಿಗೆ, "ಇನ್ನೊಂದು ಬೇಡ ಡಾಕ್ಟ್ರೇ. ಈಗ ಎಷ್ಟೋ ಕಮ್ಮಿ ಆಗಿದೆ."

ಏಳಲು ಹೋಗಿ ಮೇಜಿನ ಅಂಚು ಹಿಡಿದಳು. ಬೆರಳೆಲ್ಲ ಬಿಳಿಚಿಕೊಂಡವು. ಆ ಯಂತ್ರದೊಳಗೆ ಮಲಗಿ ಇವಳು ಕಾಯಿಲೆ ಸಿಗಲಿ ಎಂದು ಬೇಡಿಕೊಂಡಿದ್ದಳೇ? ಆ ತಮಾಷೆ ಆಡಿದ ನನ್ನ ಬಾಯಿಗೆ ಬೆಂಕಿ ಹಾಕ.

"ಸುಳ್ಳು ಹೇಳ್ತಿದ್ದಾಳೆ ಡಾಕ್ಟ್ರೇ," ಎಂದೆ. "ಒಂಚೂರೂ ಕಮ್ಮಿ ಆಗಿಲ್ಲ. ಪಕ್ಕದಲ್ಲಿ ಮಲಗೋನು ನಾನು, ನಂಗೊತ್ತು. ನೀವು ಬರ್ಕೊಡಿ."

ಡಾಕ್ಟರು ಪೆನ್ನು ಹಿಡಿದು ಅವಳ ಮಾತಿಗೆ ಕಾದರು. ಅವಳು ಮೆಲ್ಲಗೆ ಮತ್ತೆ ಕುರ್ಚಿಯಲ್ಲಿ ಕೂತಳು.

"ತುಂಬಾ ನೋಯ್ತಿದೆ ರೀ," ಎಂದು ನನ್ನ ಕಡೆ ತಿರುಗಿ ಹೇಳಿದಳು.