ದೋನಾ ಜೆಫಾಳ ಪಾಲಿನ ರೊಟ್ಟಿ

"ಈಕಿ ಯಾರ?" ಎಂದು ಕಾಶವ್ವ ಕೇಳಿದಳು.

ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ಫೋಟೋವನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಮೊಮ್ಮಗಳು ಸೌಂದರ್ಯಾ ಯಾವುದೋ ಮಣ್ಣಿನ ಕಟ್ಟೆಯ ಮೇಲೆ ಕುಳಿತಿದ್ದಳು. ಬಿಸಿಲಿಗೆ ಮುಖ ಕರ್ರಗಾಗಿತ್ತು, ಮೊಣಕಾಲಿಗೆ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಹೂವಿನ ಲಂಗ ತೊಟ್ಟು, ತಲೆಗೆ ವಸ್ತ್ರ ಕಟ್ಟಿದ ಒಬ್ಬ ಮುದುಕಿ. ಸೌಂದರ್ಯಾ ಆಕೆಯ ಹೆಗಲ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಆ ಮುಚ್ಚಿದ ಕಣ್ಣುಗಳನ್ನು ಕಾಶವ್ವ ಬಹಳ ಹೊತ್ತು ನೋಡಿದಳು.

"ದೋನಾ ಜೆಫಾ ಅಂತ, ಆಯಿ. ಬ್ರೆಜಿಲ್‌ದಾಗ ಆಕಿ ಮನ್ಯಾಗನ ನಾ ಇದ್ದದ್ದು. ಅಲ್ಲೆ ಎಲ್ಲಾರೂ ಆಕಿಗೆ ವೋ ಅಂತಾರ. ನಾನೂ ಹಂಗ ಅಂತಿದ್ದೆ."

"ಹಂಗಂದ್ರ?"

"ಆಯಿ ಅಂದಂಗ."

ಕಾಶವ್ವ ಫೋಟೋ ತಿರುಗಿ ಕೊಟ್ಟಳು. "ಬಾಯಾಗ ಒಂದ ಹಲ್ಲೂ ಇಲ್ಲಲ್ಲ, ಪಾಪ," ಎಂದು ಮತ್ತೆ ಹಿಟ್ಟು ನಾದಲು ಹತ್ತಿದಳು.

ಕಾಶವ್ವ ವಿಜಯಪುರದ ಕಡೆಯ ಹಳ್ಳಿಯಿಂದ ಇಂಗ್ಲಿಷರ ನಾಡಿನ ಕ್ರೋಯ್ಡನ್ನಿಗೆ ಬಂದದ್ದೇ ಈ ಹುಡುಗಿಯ ಸಲುವಾಗಿ. ಸೊಸೆ ಸುವರ್ಣಾ ಆಸ್ಪತ್ರೆಯಲ್ಲಿ ನರ್ಸು, ಮಗ ಉಮಾಶಂಕರ ರೈಲ್ವೆಯಲ್ಲಿ. ಇಬ್ಬರದೂ ಹೊತ್ತಿಲ್ಲದ ಹೊತ್ತಿನ ಕೆಲಸ. ಕೂಸನ್ನು ನೋಡುವವರು ಬೇಕಾಗಿತ್ತು. ಗಂಡ ಮಲ್ಲಪ್ಪನ ಜೊತೆ ವಿಮಾನ ಇಳಿದ ದಿನವೇ ಸೌಂದರ್ಯಾಳನ್ನು ಬಗಲಿಗೆ ಎತ್ತಿಕೊಂಡವಳು, ಆಕೆ ದೊಡ್ಡವಳಾಗಿ ಕಾಲು ನೆಲಕ್ಕೆ ಎಳೆಯುವವರೆಗೂ ಕೆಳಗಿಳಿಸಲಿಲ್ಲ. ಹುಡುಗಿ ಅವಳ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದೇ ನಿದ್ದೆ ಹೋಗುತ್ತಿದ್ದಳು. ಆಮೇಲೆ ಶಾಲೆ ಬಂತು, ಕಾಲೇಜು ಬಂತು, ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಕ್ಯಾನರಿ ವಾರ್ಫಿನ ಆಫೀಸೊಂದರಲ್ಲಿ ಒಂದು ವರ್ಷ ದುಡಿದು, ಆ ಕೆಲಸ ಬಿಟ್ಟು, ತನ್ನಷ್ಟೇ ಎತ್ತರದ ಚೀಲವೊಂದನ್ನು ತಂದು, ಒಬ್ಬಳೇ ಬ್ರೆಜಿಲ್ಲಿಗೆ ಹೋಗುತ್ತೇನೆ ಎಂದಾಗ ಸುವರ್ಣಾ ಅತ್ತಳು, ಉಮಾಶಂಕರ ಮಾತು ಬಿಟ್ಟ. ಕಾಶವ್ವನೊಬ್ಬಳೇ, "ಹೋಗ್ಲಿ ಬಿಡ್ರಿ. ಆಕಿ ವಯಸ್ಸಿಗೆ ನಾ ಒಲಿ ಮುಂದ ಕುಂತು ಎರಡ ಹಡದಿದ್ದೆ. ಈಕಿಯರ ನಾಕ ಊರ ನೋಡಲಿ," ಎಂದಿದ್ದಳು. ಹೋದವಳು ತನಗೇ ಫೋನು ಮಾಡುತ್ತಾಳೆ ಎಂದುಕೊಂಡಿದ್ದಳು. ಫೋನು ಬಂದದ್ದೇ ಅಪರೂಪ. ಬಂದಾಗಲೂ ಸುವರ್ಣಾ ಬಿಕ್ಕಿ ಬಿಕ್ಕಿ ಕೇಳಿ ಮುಗಿಸುವಷ್ಟರಲ್ಲಿ ಅತ್ತ ಲೈನು ಹೋಗಿರುತ್ತಿತ್ತು.

ಈಗ ತಿರುಗಿ ಬಂದು ವಾರವಾಗಿತ್ತು. ಬಾಯಿ ತೆರೆದರೆ ಅಲ್ಲಿಯದೇ ಸುದ್ದಿ. ಚೀಲ ಹೊತ್ತು ಒಬ್ಬಳೇ ಗುಡ್ಡ ಹತ್ತಿದ್ದು, ಕಣಿವೆಯಲ್ಲಿ ಬಂಡೆಯ ಕೆಳಗೆ ಮಲಗಿದ್ದು, ಎದೆಮಟ ನೀರಿನ ಹೊಳೆಯನ್ನು ಚೀಲ ತಲೆಯ ಮೇಲಿಟ್ಟುಕೊಂಡು ದಾಟಿದ್ದು. ಒಂದು ಮಡುವಿನ ನೀರು ಹಾಲು ಹಾಕದ ಚಹಾದ ಬಣ್ಣ. ಅದಕ್ಕೆ ಮೇಲಿನ ಕಲ್ಲಿನಿಂದ ಹಾರಿದಳಂತೆ. ಹತ್ತಿ ಬರುವಾಗ ಜಾರಿ ಮೊಣಕಾಲು ಒಡೆದುಕೊಂಡಳಂತೆ. ಕೇಳುವಾಗ ಕಾಶವ್ವನಿಗೂ ಮೈ ಝುಮ್ಮೆನ್ನುತ್ತಿತ್ತು. ಆದರೆ ಎಲ್ಲ ಕತೆಯೂ ಸುತ್ತಿ ಸುತ್ತಿ ಆ ಮುದುಕಿಯ ಅಂಗಳಕ್ಕೇ ಬಂದು ನಿಲ್ಲುತ್ತಿತ್ತು.

"ಮೊಣಕಾಲಿಗೆ ಅರಿಷಿಣ ಹಚ್ಚಿದಳೇನ ಆಕಿ?"

"ಇಲ್ಲ ಆಯಿ, ಯಾವ್ದೋ ಎಲಿ ಅರದ ಕಟ್ಟಿದ್ಲು."

"ಅದಕ್ಕ ಕಲಿ ಹಂಗ ಉಳದೈತಿ."

ಸೋಮವಾರ ಥಾರ್ನ್‌ಟನ್ ಹೀತ್‌ನಿಂದ ರತ್ನವ್ವ ಬಂದಳು. ಕಾಶವ್ವನ ಊರಿನ ಪಕ್ಕದ ಊರಿನವಳು, ವಾರಕ್ಕೊಮ್ಮೆ ಬಂದು ಮಾತಾಡಿ ಹೋಗದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಸೌಂದರ್ಯಾ ಅವಳಿಗೂ ಫೋಟೋ ತೋರಿಸಿದಳು. ಶನಿವಾರ ರಾತ್ರಿ ಊರಿಗೆ ಊರೇ ಒಂದು ಅಂಗಳದಲ್ಲಿ ಕೂಡುತ್ತದಂತೆ. ಒಬ್ಬ ಹಾರ್ಮೋನಿಯಂ ತರದ ಪೆಟ್ಟಿಗೆಯನ್ನು ಎದೆಗೆ ಕಟ್ಟಿಕೊಂಡು ಹಿಗ್ಗಿಸಿ ಕುಗ್ಗಿಸಿ ನುಡಿಸುತ್ತಾನೆ, ಇನ್ನೊಬ್ಬ ಮೂರು ಮೂಲೆಗೆ ಬಾಗಿಸಿದ ಕಬ್ಬಿಣದ ಸರಳು ಬಡಿಯುತ್ತಾನೆ, ಮತ್ತೊಬ್ಬನ ಕೊರಳಲ್ಲಿ ಡೊಳ್ಳು. ಗಂಡಸರು, ಹೆಂಗಸರು, ಕೈಗೂಸಿನ ತಾಯಂದಿರು ಎಲ್ಲರೂ ಜೋಡಿ ಜೋಡಿಯಾಗಿ ಕುಣಿಯುತ್ತಾರೆ. ಧೂಳೆದ್ದು ದೀಪ ಮಸಕಾದರೆ ಯಾರಾದರೂ ಕೊಡ ತಂದು ನೀರು ಚಿಮುಕಿಸುತ್ತಾರೆ. ಮತ್ತೆ ಶುರು.

"ಕುಡಿಯೋದೂ ಇರ್ತೈತೇನು?" ಎಂದು ಮಲ್ಲಪ್ಪ ಪೇಪರಿನ ಹಿಂದಿನಿಂದ ಕೇಳಿದ.

"ಕಬ್ಬಿಂದು, ಮುತ್ಯಾ. ಭಾಳ ಸ್ಟ್ರಾಂಗ್."

"ನಿನಗ ಹೆಂಗ ಗೊತ್ತ?"

"ವಾಸನಿಂದ," ಎಂದಳು ಸೌಂದರ್ಯಾ. ಮುದುಕ ಪೇಪರಿನ ಹಿಂದೆಯೇ ನಕ್ಕ.

ರತ್ನವ್ವ ಫೋಟೋವನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಕಾಶವ್ವಾ, ಈ ವಯಸ್ಸಿನಾಗ ನಿನಗ ಸವತಿ ಬಂದಳಲ್ಲ ಬೇ!" ಎಂದು ತೊಡೆ ತಟ್ಟಿಕೊಂಡು ನಕ್ಕಳು. "ಅದೂ ಕುಣಿಯೋ ಸವತಿ!"

ಎಲ್ಲರೂ ನಕ್ಕರು. ಕಾಶವ್ವನೂ ನಕ್ಕಳು. ನಗುತ್ತಲೇ ಫೋಟೋವನ್ನು ರತ್ನವ್ವನ ಕೈಯಿಂದ ತೆಗೆದು ಬೋರಲಾಗಿ ಇಟ್ಟಳು.

ಅವತ್ತೇ ಸೌಂದರ್ಯಾ ಮಾರ್ಕೆಟ್ಟಿನಿಂದ ಬಿಳಿ ಹಿಟ್ಟಿನ ಪಾಕೀಟು ತಂದಿದ್ದಳು. ಅಜ್ಜಿಯ ಹಂಚನ್ನೇ ಒಲೆಯ ಮೇಲಿಟ್ಟು, ಒದ್ದೆ ಮಾಡಿ ಜರಡಿ ಹಿಡಿದ ಹಿಟ್ಟನ್ನು ಹಾಗೇ ಉದುರಿಸಿದಳು. ನಾದಲಿಲ್ಲ, ಬಡಿಯಲಿಲ್ಲ. ಉದುರಿದ ಹಿಟ್ಟು ಕಾವಿಗೆ ತಾನೇ ಕೂಡಿಕೊಂಡು ಬೆಳ್ಳನೆಯ ರೊಟ್ಟಿಯಾಯಿತು. ಇಷ್ಟು ವರ್ಷ ತನ್ನ ಪಕ್ಕದಲ್ಲಿ ನಿಂತು ಒಂದು ಜೋಳದ ರೊಟ್ಟಿ ಬಡಿಯಲು ಕಲಿಯದ ಹುಡುಗಿ, ಮಣಿಕಟ್ಟು ತಿರುಗಿಸಿ ಅದನ್ನು ಮಗುಚಿ ಹಾಕಿದ್ದನ್ನು ಕಾಶವ್ವ ನೋಡಿದಳು. ಆ ತಿರುವು ಈ ಮನೆಯದಲ್ಲ.

"ವೋ ಕಲಿಸಿದ್ಲು. ತಗೋ ಆಯಿ, ಮೊದಲನೇದು ನಿಂಗ."

"ನಂಗ ಬ್ಯಾಡವಾ. ಶ್ರಾವಣ ಸೋಮವಾರ. ಉಪವಾಸ."

"ಇದ್ಯಾತರ ಹಿಟ್ಟು?" ಎಂದ ಮಲ್ಲಪ್ಪ.

"ಸಾಬೂದಾನಿ ಮಾಡ್ತಾರಲ್ಲ ಮುತ್ಯಾ, ಅದ ಮರಗೆಣಸಿನ ಹಿಟ್ಟು."

"ಹಂಗಾರ ಉಪವಾಸಕ್ಕ ನಡೀತೈತಿ!" ಎಂದಳು ರತ್ನವ್ವ. "ತಿನ್ನ ಬೇ, ಸವತಿ ಅಡಿಗಿ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕಾಶವ್ವ ಒಂದು ತುಣುಕು ಮುರಿದು ಬಾಯಿಗಿಟ್ಟಳು. ಒಳಗೆ ತೆಂಗಿನತುರಿ, ಬೆಲ್ಲ. ರುಚಿಯಾಗಿತ್ತು. ಕೆಟ್ಟದಾಗಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ನಾಳಿ ರೊಟ್ಟಿ ಪಂಚಮಿ ಅಲ್ಲ ಆಯಿ?" ಎಂದಳು ಸೌಂದರ್ಯಾ. "ನನ್ನ ಫ್ರೆಂಡ್ ಅಪೂರ್ವಾ ಬ್ರೆಜಿಲ್‌ಗೆ ಹೊಂಟಾಳ, ಅದ ಊರಿಗೆ. ಬುಧವಾರ ಸಂಜಿಗೆ ಇಲ್ಲಿ ಬರ್ತಾಳ. ದೋನಾ ಜೆಫಾಗ ನಿನ್ನ ಖಡಕ್ ರೊಟ್ಟಿ ಕಳಸೂಣ. ಪೇಪರ್‌ನಂಗ ತೆಳ್ಳಗ ಇರ್ತಾವ, ತಿಂಗಳಗಟ್ಲೆ ಇಟ್ರೂ ಕೆಡಂಗಿಲ್ಲ ಅಂತ ಹೇಳೀನಿ. ಆಕಿ ನಂಬಂಗಿಲ್ಲ."

ರೊಟ್ಟಿ ಪಂಚಮಿಯೆಂದರೆ ನಾಗಪ್ಪನಿಗೆ ಹಾಲೆರೆಯುವ ಹಿಂದಿನ ದಿನ, ಸಜ್ಜಿ, ಜೋಳದ ರೊಟ್ಟಿಗಳನ್ನು ಮಾಡಿ ಪಲ್ಯ, ಚಟ್ನಿಯ ಜೊತೆ ಮನೆಯಿಂದ ಮನೆಗೆ ಕೊಡುವ ಹಬ್ಬ. ಯಾರ ಮನೆಗೆ ರೊಟ್ಟಿ ಹೋಗುತ್ತದೋ ಅವರು ತಮ್ಮವರು. ಯಾರ ಮನೆಗೆ ಹೋಗುವುದು ನಿಂತಿತೋ ಅಲ್ಲಿ ಏನೋ ಆಗಿದೆ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಅಂಥ ಹಬ್ಬದ ರೊಟ್ಟಿಯಲ್ಲಿ ಆ ಮುದುಕಿಗೆ ಪಾಲು.

"ಆತು, ಮಾಡತೀನಿ," ಎಂದಳು ಕಾಶವ್ವ.

ಮಂಗಳವಾರ ಮುಂಜಾನೆಯಿಂದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ವೆಂಬ್ಲಿಯಿಂದ ತರಿಸಿದ ಸಜ್ಜಿ ಹಿಟ್ಟು, ಮೇಲೆ ಎಳ್ಳು. ಬೆಂದ ರೊಟ್ಟಿಯನ್ನು ಹಂಚಿನಿಂದ ತೆಗೆದು ಒಲೆಯ ಅಂಚಿಗೆ ಆನಿಸಿ ನಿಲ್ಲಿಸಬೇಕು. ಆಮೇಲೆ ಬಿಸಿನೀರಿನ ಟ್ಯಾಂಕಿರುವ ಗೂಡಿನಲ್ಲಿ ಟವೆಲುಗಳ ಪಕ್ಕ ಸಾಲಾಗಿ ನಿಲ್ಲಿಸಬೇಕು. ಈ ದೇಶದ ಬಿಸಿಲಿಗೆ ಒಣಗುವುದಿಲ್ಲವೆಂದು ಕಾಶವ್ವ ಕಂಡುಕೊಂಡಿದ್ದ ಉಪಾಯ ಅದು. ಒಳಗಿನ ಹಸಿ ಪೂರಾ ಹೋಗುವ ತನಕ ಒಂದರ ಮೇಲೊಂದು ಇಡುವಂತಿಲ್ಲ. ಇಟ್ಟರೆ ಬೆವರುತ್ತವೆ. ಬೆವರಿದ ರೊಟ್ಟಿಗೆ ವಾರದೊಳಗೆ ಬೂಸರು.

ಮನೆಯ ಪಾಲನ್ನು ಗೂಡಿನಲ್ಲಿ ನಿಲ್ಲಿಸಿದಳು. ರತ್ನವ್ವನ ಪಾಲನ್ನೂ ನಿಲ್ಲಿಸಿದಳು. ದೋನಾ ಜೆಫಾಳ ಪಾಲನ್ನು ಬಿಸಿ ಆರುವ ಮುಂಚೆಯೇ ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಕಟ್ಟಿದಳು. ಮೇಲೊಂದು ಬಟ್ಟೆ ಸುತ್ತಿದಳು.

"ಒಣಗ್ಯಾವ ಆಯಿ?"

"ಒಣಗ್ಯಾವ. ಒಯ್ದು ಇಟ್ಕೋ."

ಸೌಂದರ್ಯಾ ಅವಳ ಕೆನ್ನೆಗೆ ಮುತ್ತು ಕೊಟ್ಟು ಓಡಿದಳು. ಕಾಶವ್ವ ಕೆನ್ನೆ ಒರೆಸಿಕೊಳ್ಳಲಿಲ್ಲ, ಮುಟ್ಟಿಯೂ ನೋಡಲಿಲ್ಲ. ಹಂಚು ತೊಳೆದು, ಒರೆಸಿ, ಕಪಾಟಿನಲ್ಲಿ ಬೋರಲಾಗಿ ಇಟ್ಟಳು. ನಾಗಪ್ಪನ ದಿನ ಒಲೆಯ ಮೇಲೆ ಹಂಚು ಇಡಬಾರದು.

ಬುಧವಾರ ನಾಗಪ್ಪನ ಚಿಕ್ಕ ಮೂರ್ತಿಗೆ ಹಾಲೆರೆದದ್ದಾಯಿತು. ಊಟವಾದ ಮೇಲೆ ಸೌಂದರ್ಯಾ ಕೊನೆಯ ರೋಲಿನ ಫೋಟೋಗಳನ್ನು ಅಂಗಡಿಯಿಂದ ಬಿಡಿಸಿಕೊಂಡು ಬಂದಳು. ಟ್ರಾಮಿನಲ್ಲೇ ಎಲ್ಲವನ್ನೂ ನೋಡಿ ಮುಗಿಸಿದ್ದಳೆಂದು ಕಾಣುತ್ತದೆ. ಬೂಟು ಬಿಚ್ಚದೇ ಬಂದು, ಸೋಫಾದ ಮೇಲೆ ಅಜ್ಜಿಗೆ ಒತ್ತಿ ಕುಳಿತು, ಒಂದನ್ನೇ ಆರಿಸಿ ಅವಳ ಕೈಗಿಟ್ಟಳು.

ರಾತ್ರಿಯ ಅಂಗಳ. ಹಿಂದೆ ಮಂದಿ ಸುತ್ತಗಟ್ಟಿ ನಿಂತಿದ್ದಾರೆ. ನಡುವೆ ಇಬ್ಬರು, ಕೈ ಅಡ್ಡಡ್ಡ ಹಿಡಿದು, ಹಿಂದಕ್ಕೆ ಬಾಗಿ, ಗಿರ್ರನೆ ತಿರುಗುತ್ತಿದ್ದಾರೆ. ಮುಖ ಸರಿಯಾಗಿ ಮೂಡಿಲ್ಲ. ಹೂವಿನ ಲಂಗ ಕೊಡೆಯ ಹಾಗೆ ಬಿಚ್ಚಿಕೊಂಡಿದೆ.

ಕಾಶವ್ವ ಫೋಟೋವನ್ನು ಹತ್ತಿರ ತಂದಳು, ದೂರ ಹಿಡಿದಳು. "ಇದು ನಮ್ಮೂರ ಫುಗಡಿ," ಎಂದಳು.

"ಹೂಂ. ನಿಮ್ಮ ಊರಾಗ ಹೆಂಗ ಕುಣೀತೀರಿ, ತೋರಿಸು ಅಂದ್ಲು ವೋ. ನಂಗ ಮತ್ತೇನ ಬರ್ತೈತಿ ಹೇಳ? ನೆನಪೈತಿ? ಇಲ್ಲೇ ಆಡ್ತಿದ್ವಿ, ಕೆಳಗಿನ ಮನಿಯಾಕಿ ಕಸಬರಗಿ ತಗೊಂಡು ತನ್ನ ಸೀಲಿಂಗ್ ಬಡೀತಿದ್ಲು."

ಕಾಶವ್ವನಿಗೆ ನೆನಪಿತ್ತು. ಈ ಕಾರ್ಪೆಟ್ಟಿನ ಮೇಲೇ. ಹುಡುಗಿಯ ಸಣ್ಣ ಮಣಿಕಟ್ಟುಗಳು ಬೆವರಿ ಜಾರುತ್ತಿದ್ದವು. ಬಿಟ್ಟರೆ ಗೋಡೆಗೆ ಹೋಗಿ ಬಡಿಯುತ್ತಾಳೆಂದು ಬಿಗಿಯಾಗಿ ಹಿಡಿಯುತ್ತಿದ್ದಳು.

"ಯಾರ ಕಲಿಸಿದ್ರು ಅಂತ ಕೇಳಿದ್ಲು. ನಮ್ಮ ಆಯಿ ಅಂದೆ. ಆಮ್ಯಾಲಿಂದ ದಿನಾ ನಿನ್ನ ಸುದ್ದೀನ ಕೇಳೋದು. ಆಯಿ ಏನ ಉಣ್ತಾಳ, ಆಯಿ ಎಷ್ಟ ಎತ್ತರ, ಆಯಿಗೆ ಸಿಟ್ಟ ಬರ್ತೈತೇನು. ಒಮ್ಮೊಮ್ಮೆ ಆಕಿಗೆ ಹೊಟ್ಟಿಕಿಚ್ಚ ಆಕ್ಕಿತ್ತಂತ ಕಾಣ್ತೈತಿ."

"ಯಾರಿಗೆ?"

"ದೋನಾ ಜೆಫಾಗ. ನಿನ್ನ ಮ್ಯಾಲೆ."

ಕಾಶವ್ವ ಫೋಟೋದ ಮೇಲೆ ಬೆರಳಿಟ್ಟು, "ಕಾಲ ತಪ್ಪ ಇಟ್ಟಾಳ," ಎಂದಳು. "ಹೆಬ್ಬೆರಳಿಗೆ ಹೆಬ್ಬೆರಳ ಹತ್ತಿರಬೇಕು. ಇಲ್ಲಂದ್ರ ಬೀಳತಾರ."

"ಬಿದ್ವಿ! ಇಬ್ರೂ ಬಿದ್ವಿ. ನಾ ಹೇಳಿದ್ರ ಕೇಳಂಗಿಲ್ಲ ಆಕಿ. ನಿನ್ನಂಗನ."

ಕಾಶವ್ವನ ಕಣ್ಣ ಮುಂದೆ ಆ ಅಂಗಳ ಬಂತು. ಹಗಲು. ಮಣ್ಣಿನ ಕಟ್ಟೆ. ಹಲ್ಲಿಲ್ಲದ ಮುದುಕಿ ಮೊಣಕಾಲ ಮೇಲೆ ಗಂಟು ಇಟ್ಟುಕೊಂಡು ಬಿಚ್ಚುತ್ತಾಳೆ. ನೆರೆಯವರನ್ನೂ ಕರೆದಿರುತ್ತಾಳೆ, ಆ ಹುಡುಗಿಯ ಆಯಿ ಕಳಿಸಿದ ರೊಟ್ಟಿ ಬಂದಿದೆ, ನೋಡಬನ್ನಿ ಎಂದು. ಬಟ್ಟೆ ಬಿಚ್ಚಿದರೆ ಹಸಿರು ಬೂಸರು, ಮುಗ್ಗಲು ವಾಸನೆ. ಮುದುಕಿ ಏನೂ ಅನ್ನುವುದಿಲ್ಲ. ಪಾಪ, ದೂರದಿಂದ ಬಂದದ್ದು ಎಂದು ಮತ್ತೆ ಗಂಟು ಕಟ್ಟುತ್ತಾಳೆ. ಮನಸ್ಸಿನಲ್ಲಿ ಮಾತ್ರ, ಇಷ್ಟೇನೇ ಇವಳ ಕೈ ಎಂದುಕೊಳ್ಳುತ್ತಾಳೆ. ಸಣ್ಣಗೆ ನಗುತ್ತಾಳೆ.

"ಆ ಗಂಟ ತಾ ಇಲ್ಲೆ," ಎಂದಳು ಕಾಶವ್ವ.

"ಯಾಕ?"

"ರೊಟ್ಟಿ ಒಣಗಿಲ್ಲ."

"ನಿನ್ನಿ ಒಣಗ್ಯಾವ ಅಂದಿದ್ದಿ."

"ಅಂದಿದ್ದೆ."

ಸೌಂದರ್ಯಾ ಗಂಟು ತಂದು ಬಿಚ್ಚಿದಳು. ಪ್ಲಾಸ್ಟಿಕ್ಕಿನ ಒಳಮೈಗೆ ನೀರು ಹನಿಗಟ್ಟಿತ್ತು. ಅದನ್ನು ಬೆರಳಿನಿಂದ ಸವರಿ ನೋಡಿದಳು. ಅಜ್ಜಿಯ ಮುಖ ನೋಡಿದಳು. ಕಾಶವ್ವ ಕಿಟಕಿಯ ಕಡೆ ತಿರುಗಿದ್ದಳು. ಹುಡುಗಿ ರೊಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ಇಡತೊಡಗಿದಳು.

"ಮತ್ತೊಮ್ಮೆ ಹಂಚಿನ ಮ್ಯಾಲೆ ಹಾಕೂಣ?"

"ನಾಗಪ್ಪನ ದಿನ ಹಂಚ ಇಡಂಗಿಲ್ಲ. ಟ್ಯಾಂಕಿನ ಗೂಡಿನಾಗ ಇಟ್ರ ನಾಳಿ ಆಕ್ಕೈತಿ. ಅಪೂರ್ವಾ ಇವತ್ತ ಸಂಜಿಗೇ ಬರ್ತಾಳ."

"ಹಂಚ ಇಡಂಗಿಲ್ಲ. ಹೇರ್‌ಡ್ರೈಯರ್?"

ಕಾಶವ್ವ ಗಂಡನ ಕಡೆ ನೋಡಿದಳು. ಮಲ್ಲಪ್ಪ ಪೇಪರು ಇಳಿಸಿ, ಕನ್ನಡಕ ಸರಿಮಾಡಿಕೊಂಡು, ಗಂಭೀರವಾಗಿ ಯೋಚಿಸಿದ. "ಹಿರೇರು ಅದರ ಹೆಸರ ಎತ್ತಿಲ್ಲ," ಎಂದ.

ಕಾರ್ಪೆಟ್ಟಿನ ಮೇಲೆ ಹಳೆಯ ಸೀರೆ ಹಾಸಿದರು. ಸೌಂದರ್ಯಾ ಮೊಣಕಾಲೂರಿ ಕುಳಿತು ಗಾಳಿ ಹಿಡಿದಳು, ಕಾಶವ್ವ ಒಂದೊಂದೇ ರೊಟ್ಟಿಯನ್ನು ಅಂಗೈಗಳ ನಡುವೆ ನಿಲ್ಲಿಸಿ ತಿರುಗಿಸಿದಳು. ಒಂದರಲ್ಲಿ ಅಂಚು ಸೀಳಿತ್ತು. ಅದನ್ನು ತೆಗೆದು ಬದಿಗಿಟ್ಟು, ಗೂಡಿನಿಂದ ತನ್ನ ಮನೆಯ ಪಾಲಿನಲ್ಲಿ ಎಲ್ಲಕ್ಕಿಂತ ತೆಳ್ಳಗಿನದನ್ನು ತಂದು ಅದರ ಜಾಗದಲ್ಲಿಟ್ಟಳು.

"ಇದನ್ನ ಎಲ್ಲಾದರ ಮ್ಯಾಲೆ ಇಡ. ಆಕಿ ಬಿಚ್ಚಿದ ಕೂಡ್ಲೆ ಕಾಣಬೇಕು."

ಬೆಚ್ಚನೆಯ ಗಾಳಿಗೆ ಎಳ್ಳಿನ ವಾಸನೆ ಕೋಣೆಯ ತುಂಬ ಹರಡಿತು. ಹೊರಗೆ ಟ್ರಾಮು ಗಂಟೆ ಬಾರಿಸಿಕೊಂಡು ಹೋಯಿತು. ಯಂತ್ರ ಕಾದು ಕೈಗೆ ಸುಡತೊಡಗಿದಾಗ ಸೌಂದರ್ಯಾ ಅದನ್ನು ಆರಿಸಿದಳು.

"ಒಣಗ್ಯಾವಂತ ಹೆಂಗ ಗೊತ್ತಾಕ್ಕೈತಿ, ಆಯಿ?"

ಹುಡುಗಿ ಇದನ್ನು ಕೇಳಿದ್ದು ಇದೇ ಮೊದಲು. ಕಾಶವ್ವ ಅವಳ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು, "ಒಣಗಿದ್ರ ಖಣ್ ಅಂತೈತಿ, ಕೇಳ," ಎಂದು ಉಗುರಿನಿಂದ ಮೆಲ್ಲಗೆ ತಟ್ಟಿದಳು. ಇಬ್ಬರೂ ಉಸಿರು ಹಿಡಿದು ಕೇಳಿದರು.

"ಇನ್ನೂ ಇಲ್ಲ," ಎಂದು ಕಾಶವ್ವ ರೊಟ್ಟಿಯನ್ನು ಮಗುಚಿ ಹಿಡಿದಳು.