ಹಿತ್ತಲಿನ ಫಿರಂಗಿ

ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಫಿರಂಗಿ ಇತ್ತು. ಬೀದಿಯ ಜನ ಅದನ್ನು ಹಾಗೆಯೇ ಕರೆಯುತ್ತಿದ್ದರು. ಬಾವಿಕಟ್ಟೆಗೂ ಕರಿಬೇವಿನ ಗಿಡಕ್ಕೂ ನಡುವೆ ಆಳೆತ್ತರದ ಕರಿಯ ಕೊಳವೆಯೊಂದು ಆಕಾಶಕ್ಕೆ ಬಾಯಿ ತೆರೆದು ನಿಂತಿರುತ್ತಿತ್ತು. ಮೊದಲ ಸಲ ನೋಡಿದವರು "ಯಾರ ಮೇಲಮ್ಮ ಯುದ್ಧ?" ಎಂದು ಕೇಳದೆ ಇರುತ್ತಿರಲಿಲ್ಲ.

ಅದು ನಾನು ಕಟ್ಟಿದ ದೂರದರ್ಶಕ. ಅದರ ತಳದಲ್ಲಿದ್ದ, ಊಟದ ತಟ್ಟೆಗಿಂತ ಅಗಲವಾದ ಕನ್ನಡಿಯನ್ನು ಉಜ್ಜಿದ್ದೂ ನಾನೇ. ನೀರು ತುಂಬಿದ ಪೀಪಾಯಿಯ ಮೇಲೆ ದಪ್ಪ ಗಾಜಿನ ಬಿಲ್ಲೆ, ಅದರ ಮೇಲೆ ಇನ್ನೊಂದು ಬಿಲ್ಲೆ, ನಡುವೆ ಒರಟು ಪುಡಿ. ಪೀಪಾಯಿಯ ಸುತ್ತ ನಡೆಯುತ್ತ ಉಜ್ಜುತ್ತ ಹೋಗುವುದು. ಒಂದು ಮಳೆಗಾಲವಿಡೀ ಪಡಸಾಲೆಯಲ್ಲಿ ಆ ಕರಕರ ಸದ್ದು ನಿಲ್ಲಲಿಲ್ಲ.

"ಇಷ್ಟು ಪ್ರದಕ್ಷಿಣೆ ದೇವರಿಗೆ ಹಾಕಿದ್ದರೆ ಮೋಕ್ಷ ಸಿಗುತ್ತಿತ್ತು," ಎಂದಿದ್ದರು ನನ್ನ ಅತ್ತೆ.

"ಮೋಕ್ಷ ಸಿಕ್ಕವರಿಗೆ ನಕ್ಷತ್ರ ನೋಡೋಕೆ ಪುರುಸೊತ್ತು ಇರುತ್ತೋ ಇಲ್ಲವೋ ಅತ್ತೆ," ಎಂದಿದ್ದೆ ನಾನು. ನನ್ನ ಗಂಡ ದತ್ತು ಬಾಗಿಲಲ್ಲಿ ನಿಂತು, ಯಾರ ಕಡೆ ನಗಬೇಕೆಂದು ತಿಳಿಯದೆ ಒದ್ದಾಡಿದ್ದ.

ಅತ್ತೆಯ ಹೆಸರು ತ್ರಿಪುರಾಂಬ. ಊರಿನ ಹೆಣ್ಣುಮಕ್ಕಳ ಶಾಲೆಗೆ ಬಹಳ ಕಾಲ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಅವರು ಬೀದಿಯಲ್ಲಿ ನಡೆದು ಬಂದರೆ, ಮಕ್ಕಳನ್ನು ಹೆತ್ತ ಹೆಂಗಸರೂ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಿದ್ದರು. ಹಳೆಯ ವಿದ್ಯಾರ್ಥಿನಿಯರ ಹೆಸರು, ಅವರ ತಾಯಂದಿರ ಹೆಸರು, ಯಾರು ಯಾವ ಲೆಕ್ಕದಲ್ಲಿ ತಪ್ಪಿದ್ದರು ಎಂಬುದು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಅಂಥವರು, ನನ್ನ ಕನ್ನಡಿ ಮುಗಿಯುವ ಹೊತ್ತಿಗೆ, ಬೇರೆಯೇ ಮನುಷ್ಯರಾಗಿಬಿಟ್ಟಿದ್ದರು. ಮದುವೆ ಮುಂಜಿಗಳಿಗೆ ಹೋಗುವುದನ್ನು ನಿಲ್ಲಿಸಿದರು. ಪೇಪರು ಓದುವುದು ಬೇಸರ ಎಂದರು. ನನ್ನೊಡನೆ ಮುಖಕೊಟ್ಟು ಮಾತಾಡುವುದನ್ನೂ ಬಿಟ್ಟರು. ಸಾರಿಗೆ ಉಪ್ಪು ಕಡಿಮೆ ಎನ್ನುವಾಗಲೂ ಅವರ ನೋಟ ನನ್ನ ಕಿವಿಯಾಚೆಯ ಗೋಡೆಯ ಮೇಲಿರುತ್ತಿತ್ತು. ಕನ್ನಡಿಗೆ ಕೊಟ್ಟಷ್ಟು ಗಮನ ಸಂಸಾರಕ್ಕೆ ಕೊಡದ ಸೊಸೆಯ ಮೇಲಿನ ಅಸಮಾಧಾನ ಎಂದು ನಾನು ತಿಳಿದುಕೊಂಡಿದ್ದೆ.

ನನಗಿಂತ ಹೆಚ್ಚು ನೊಂದವರು ಜುಬೇದಾ ಟೀಚರ್. ಅದೇ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಅವರು ಅತ್ತೆಯ ಜೀವದ ಗೆಳತಿ. ಒಂದು ದಿನ ಬಟ್ಟೆಯಂಗಡಿಯ ಮೆಟ್ಟಿಲ ಮೇಲೆ ಜುಬೇದಾ ಕೈಯೆತ್ತಿ ನಕ್ಕರಂತೆ. ಅತ್ತೆ ಅವರನ್ನು ದಾಟಿಕೊಂಡು ನೇರ ಹೋದರಂತೆ. "ಕಂಡೂ ಕಾಣದ ಹಾಗೆ ಹೋದರು ತ್ರಿಪುರಕ್ಕ. ಅವರಾಗಿ ಮಾತಾಡಿಸೋವರೆಗೂ ನಾನು ಆ ಹೊಸಿಲು ತುಳಿಯೋಲ್ಲ," ಎಂದು ದತ್ತುವಿನ ಕೈಯಲ್ಲಿ ಹೇಳಿಕಳಿಸಿದರು. ಅತ್ತೆ ಅದನ್ನು ಕೇಳಿಸಿಕೊಂಡು, "ಹೂಂ," ಎಂದರು. ಅಷ್ಟೇ. ಆಮೇಲೆ ಇಬ್ಬರೂ ಹಟ ಹಿಡಿದರು.

ನವರಾತ್ರಿ ಕಳೆದು ಆಕಾಶ ತೊಳೆದಿಟ್ಟ ಹಾಗಿದ್ದ ದಿನಗಳವು. ದೀಪ ಹಚ್ಚುವ ಹೊತ್ತು ಕಳೆಯುತ್ತಲೇ ಅಕ್ಕಪಕ್ಕದವರು ಫಿರಂಗಿ ನೋಡಲು ಹಿತ್ತಲಿಗೆ ಬಂದು ಸಾಲು ನಿಲ್ಲುತ್ತಿದ್ದರು. ಒಂದು ಸಂಜೆ ನಾನು ನೆತ್ತಿಯ ಮೇಲಿನ ರಾಜಹಂಸವೆಂಬ ನಕ್ಷತ್ರಪುಂಜದ ನಡುವೆ ಒಂದು ಪುಟ್ಟ ನೀಹಾರಿಕೆಯನ್ನು ಹಿಡಿದು ನಿಲ್ಲಿಸಿದೆ. ಸಾಯುತ್ತಿರುವ ನಕ್ಷತ್ರವೊಂದು ಉಸಿರುಬಿಟ್ಟ ಹಾಗೆ ಸುತ್ತಲೂ ಚೆಲ್ಲಿದ ಅನಿಲದ ಮಂಜು ಅದು. ಅದಕ್ಕೊಂದು ತುಂಟತನವಿದೆ. ನಡುವಿನ ನಕ್ಷತ್ರವನ್ನು ನೇರ ನೋಡಿದರೆ ಮಂಜು ಮಾಯವಾಗಿ ನಕ್ಷತ್ರವೊಂದೇ ಉಳಿಯುತ್ತದೆ. ದೃಷ್ಟಿಯನ್ನು ಚೂರು ಪಕ್ಕಕ್ಕೆ ಸರಿಸಿದರೆ ಮಂಜು ಮತ್ತೆ ಹೊರಗೆ ಬರುತ್ತದೆ. ಮಂದ ಬೆಳಕನ್ನು ಹಿಡಿಯುವುದರಲ್ಲಿ ನಮ್ಮ ಕಣ್ಣಿನ ನಡುಭಾಗಕ್ಕಿಂತ ಅಂಚು ಚುರುಕು, ಅದಕ್ಕೇ ಹೀಗೆ.

"ಅಯ್ಯೋ, ಹೋಯ್ತು! ಬಂತು, ಬಂತು! ಮತ್ತೆ ಹೋಯ್ತು!" ಎಂದು ಒಬ್ಬೊಬ್ಬರೂ ಕೂಗುತ್ತಿದ್ದರು.

"ನೇರ ನೋಡಬೇಡಿ. ಪಕ್ಕಕ್ಕೆ ನೋಡಿ," ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಅತ್ತೆ ಇದನ್ನೆಲ್ಲ ಕೇಳುತ್ತಿದ್ದರು. ಅಲ್ಲಿಯವರೆಗೆ ಎಷ್ಟು ಕರೆದರೂ ಅವರು ಫಿರಂಗಿಯ ಹತ್ತಿರ ಸುಳಿದವರಲ್ಲ. ಎಲ್ಲರೂ ಮನೆಗೆ ಹೋದಮೇಲೆ ಮೆಲ್ಲಗೆ ಎದ್ದು ಬಂದರು.

"ಅದೇನೇ ಅದು, ನೇರ ನೋಡಿದರೆ ಓಡಿಹೋಗೋದು? ನನಗೂ ತೋರಿಸು."

ನಾನು ಅವರ ಕೈ ಹಿಡಿದು ಮಣೆಯ ಮೇಲೆ ಹತ್ತಿಸಿದೆ. ಅವರು ಕಣ್ಣಿಟ್ಟರು. ಸ್ವಲ್ಪ ಹೊತ್ತು ತಲೆಯನ್ನು ಅತ್ತಿತ್ತ ಆಡಿಸಿ ಆಮೇಲೆ ಕಲ್ಲಿನ ಹಾಗೆ ನಿಂತುಬಿಟ್ಟರು.

"ಇದೆ," ಎಂದರು. "ಸಾಬೂನಿನ ನೊರೆಯ ಉಂಡೆಯ ಹಾಗೆ. ಸ್ವಲ್ಪ ಹಸಿರು. ಇದೆಲ್ಲಿ ಓಡಿಹೋಗುತ್ತೆ? ನಿಂತಲ್ಲೇ ನಿಂತಿದೆಯಲ್ಲ!"

ನನಗೆ ಆಶ್ಚರ್ಯವಾಯಿತು. ಅಷ್ಟು ಹೊತ್ತು ಅಲುಗದೆ ಅದನ್ನು ಹಿಡಿದಿಡಲು ನನ್ನಿಂದಲೂ ಆಗುತ್ತಿರಲಿಲ್ಲ. "ಈಗ ನೇರ ನೋಡಿ ಅತ್ತೆ, ನಕ್ಷತ್ರವೊಂದೇ ಉಳಿಯುತ್ತೆ."

"ನೇರ ನೋಡಿದರೆ ಏನೂ ಇಲ್ಲ."

"ಮಂಜು ಹೋಗುತ್ತೆ. ನಕ್ಷತ್ರ ಇರಬೇಕಲ್ಲ?"

"ನಕ್ಷತ್ರವೂ ಇಲ್ಲ," ಎಂದರು ಅತ್ತೆ. "ನೇರ ನೋಡಿದ ಕಡೆ ನನಗೆ ಯಾವತ್ತೂ ಏನೂ ಇರೋದಿಲ್ಲ."

ಮಾತು ಬಾಯಿಂದ ಜಾರಿದ್ದು ಅವರಿಗೆ ತಕ್ಷಣ ಗೊತ್ತಾಯಿತು. ಮಣೆಯಿಂದ ಇಳಿಯಲು ಹೋದರು. ನಾನು ತೋಳು ಬಿಡಲಿಲ್ಲ.

"ಯಾವತ್ತಿನಿಂದ ಅತ್ತೆ?"

ಬಾವಿಯ ರಾಟೆ ಗಾಳಿಗೆ ಒಮ್ಮೆ ಕಿರುಗುಟ್ಟಿತು. "ನಿನ್ನ ಕನ್ನಡಿ ಉಜ್ಜುವಾಟ ಶುರುವಾಗೋಕೆ ಮುಂಚಿನಿಂದ," ಎಂದರು. "ಮೊದಲು ಅಕ್ಷರ ಹೋದವು. ಆಮೇಲೆ ಮುಖಗಳು. ನಿನ್ನ ಮುಖ ನೋಡಿದರೆ ಮುಖ ಇರೋದಿಲ್ಲ. ನಿನ್ನ ಕಿವಿ ನೋಡಿದರೆ ಒಂದಿಷ್ಟು ಮುಖ ಕಾಣುತ್ತೆ. ನಿನ್ನ ಓಲೆಯ ಹತ್ತಿರ ನಾನು ಎಷ್ಟು ಮಾತಾಡಿದ್ದೇನೋ!"

ನನ್ನನ್ನು ನೋಡಲಿಕ್ಕೆಂದೇ ಅವರು ನನ್ನಿಂದ ನೋಟ ತಿರುಗಿಸುತ್ತಿದ್ದರು. ಆ ಮಾತು ಮನಸ್ಸಿಗೆ ಇಳಿಯಲು ಸ್ವಲ್ಪ ಸಮಯ ಹಿಡಿಯಿತು.

"ದತ್ತುಗಾದರೂ ಹೇಳಬಾರದಿತ್ತಾ?"

"ಹೇಳಿ? ನನ್ನಮ್ಮ ಕೊನೆಗಾಲದಲ್ಲಿ ಗೋಡೆ ತಡವಿಕೊಂಡು ಓಡಾಡಿದಳು. ಎಲ್ಲರೂ ಅವಳ ಎದುರೇ 'ಪಾಪ, ಕುರುಡಿ' ಅಂತಿದ್ದರು. ಕಣ್ಣು ಪೂರ್ತಿ ಹೋಗುವ ದಿನ ಹೋಗಲಿ, ಅಲ್ಲೀವರೆಗೆ ನನ್ನನ್ನು ಯಾರೂ 'ಪಾಪ' ಅನ್ನೋದು ಬೇಡ ಅಂದುಕೊಂಡೆ. ಸೊಕ್ಕಿನವಳು ಅಂದರೆ ಅನ್ನಲಿ."

ಆ ಮಾತಿಗೆ ನಾನು ಅಳಲಿಲ್ಲ. ಅವರೂ ಅಳುವವರಲ್ಲ. "ಒಂದು ಮಾತು ಹೇಳ್ತೀನಿ ಕೇಳಿ," ಎಂದೆ. "ಈ ನೀಹಾರಿಕೆಯನ್ನು ಪಕ್ಕದ ದೃಷ್ಟಿಯಿಂದ ನೋಡುವುದು ಕಲಿಯೋಕೆ ನನಗೆ ಎಷ್ಟೋ ರಾತ್ರಿ ಬೇಕಾಯಿತು. ಇವತ್ತು ಸಾಲಿನಲ್ಲಿ ನಿಂತಿದ್ದ ಒಬ್ಬರಿಗೂ ಅದು ನಿಲ್ಲಲಿಲ್ಲ. ನಿಮಗೆ ನಿಂತಿತು. ನಿಮ್ಮ ಕಣ್ಣಿನ ಅಂಚು ಗಟ್ಟಿಯಾಗಿದೆ. ನಾಳೆ ಡಾಕ್ಟರ ಹತ್ತಿರ ಹೋಗೋಣ."

ಅವರು ಮತ್ತೆ ಬಗ್ಗಿ ಕಣ್ಣಿಟ್ಟರು. "ಸರಿದುಹೋಗಿದೆ. ಹಿಡಿದುಕೊಡು," ಎಂದರು. ಆ ದನಿಯಲ್ಲಿ ಮುಖ್ಯೋಪಾಧ್ಯಾಯಿನಿ ಇದ್ದರು.

ಪಕ್ಕದ ಊರಿನ ಕಣ್ಣಿನ ಡಾಕ್ಟರು, ಸಣ್ಣ ವಯಸ್ಸಿನ ಹೆಣ್ಣುಮಗಳು, ದೀಪ ಹಿಡಿದು ಬಹಳ ಹೊತ್ತು ನೋಡಿದಳು. ಅವಳು ಸುತ್ತಿಬಳಸಿ ಮಾತಾಡಲಿಲ್ಲ. "ನಡುವಿನ ದೃಷ್ಟಿ ಹೋಗಿದೆ ಅಮ್ಮ. ಅದು ತಿರುಗಿ ಬರೋದಿಲ್ಲ. ಆದರೆ ಈ ಕಾಯಿಲೆ ಅಂಚನ್ನು ಮುಟ್ಟುವುದಿಲ್ಲ. ನಿಮ್ಮ ತಾಯಿಯವರದು ಬೇರೆ ಏನೋ ಇದ್ದಿರಬೇಕು. ನೀವು ಗೋಡೆ ತಡವಿಕೊಂಡು ಓಡಾಡುವ ಕಾಲ ಬರೋಲ್ಲ."

ಅತ್ತೆ ಅವಳ ಭುಜದಾಚೆ ನೋಟವಿಟ್ಟು, "ಇದನ್ನು ಇನ್ನೊಂದು ಸಲ ಹೇಳು ಮಗು," ಎಂದರು. ಅವಳು ಹೇಳಿದಳು.

ಬಸ್ಸು ಇಳಿದ ಅತ್ತೆ ಮನೆಯ ಕಡೆ ತಿರುಗಲಿಲ್ಲ. "ಜುಬೇದಾ ಮನೆಗೆ ನಡಿ," ಎಂದರು.

ಜುಬೇದಾ ಟೀಚರ್ ಬಾಗಿಲು ತೆರೆದವರು ಅಡ್ಡವಾಗಿಯೇ ನಿಂತರು. "ಏನು ತ್ರಿಪುರಕ್ಕ, ದಾರಿ ತಪ್ಪಿತಾ? ಅವತ್ತು ಅಂಗಡಿ ಹತ್ತಿರ ಕಂಡೂ ಕಾಣದ ಹಾಗೆ ಹೋದಿರಿ."

"ಕಾಣಲಿಲ್ಲ ಜುಬೇದಾ."

"ಮಾರು ದೂರದಲ್ಲಿ ನಿಂತಿದ್ದೆ!"

"ಮಾರು ದೂರ ಇರಲಿ, ಈಗ ಮೂಗಿನ ಮುಂದಿದ್ದೀಯ, ಈಗಲೂ ಕಾಣ್ತಿಲ್ಲ. ತಾಳು." ಅತ್ತೆ ಬಾಗಿಲವಾಡದ ಕಡೆ ನೋಟ ಸರಿಸಿದರು. ಹಿತ್ತಲಿನಲ್ಲಿ ನಿಂತ ಹಾಗೆಯೇ ಅಲುಗದೆ ನಿಂತರು. "ಹಾಂ, ಈಗ ಬಂದೆ. ತಲೆಗೆ ಮದರಂಗಿ ಹಚ್ಚಿದ್ದೀಯ. ನಿನ್ನ ವಯಸ್ಸಿಗೆ ಅಷ್ಟು ಕೆಂಪು ಬೇಕಾ?"

ಜುಬೇದಾ ಬಾಗಿಲಿನಿಂದ ಈಚೆಗೆ ಬಂದರು. "ನೀವು ಒಬ್ಬರೇ ಇದನ್ನು ಹೊತ್ತುಕೊಂಡಿದ್ದಿರಾ?" ಎಂದು ಕೇಳಿ, ಅತ್ತೆಯ ಎರಡೂ ಕೈ ಹಿಡಿದು ಒಳಗೆ ಎಳೆದುಕೊಂಡರು. ಅವರು ಇಬ್ಬರೂ ಮಾತು ಮುಗಿಸುವವರೆಗೆ ನಾನು ಕುಡಿದ ಚಹಾದ ಲೋಟಗಳ ಲೆಕ್ಕ ನನಗಿಲ್ಲ.

ಅತ್ತೆ ಮತ್ತೆ ಮದುವೆಗಳಿಗೆ ಹೋದರು. "ನನಗೆ ಮುಖ ಕಾಣೋಲ್ಲ, ಯಾರು ಅಂತ ನೀವೇ ಹೇಳಿಬಿಡಿ," ಎಂದು ಮುಂಚೆಯೇ ಸಾರಿಬಿಡುತ್ತಿದ್ದರು. ಅವರು ಹಾಗೆ ಹೇಳಿದ ದನಿಗೆ 'ಪಾಪ' ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಹಿತ್ತಲಿನಲ್ಲಂತೂ ಫಿರಂಗಿಯ ಯಜಮಾನಿಕೆ ನನ್ನ ಕೈತಪ್ಪಿತು. ಕೃತ್ತಿಕೆಯಂಥ ನಕ್ಷತ್ರಗುಚ್ಛಗಳು ಅವರಿಗೆ ಅಷ್ಟಕ್ಕಷ್ಟೆ, ಕಿಡಿಗಳೆಲ್ಲ ಕಲಸಿಹೋಗುತ್ತಿದ್ದವು. ಆದರೆ ಮಬ್ಬು ನೀಹಾರಿಕೆಯೊಂದು ಇದೆಯೋ ಇಲ್ಲವೋ ಎಂದು ನನಗೆ ಅನುಮಾನ ಬಂದಾಗಲೆಲ್ಲ ನಾನು ಅವರನ್ನೇ ಕೂಗುತ್ತಿದ್ದೆ. "ಇದೆ, ಎಡಗಡೆಗೆ ಬಾಲ ಚಾಚಿಕೊಂಡಿದೆ," ಎಂದರೆ ಅದು ಇದ್ದೇ ಇರುತ್ತಿತ್ತು.

ಚಳಿ ಬಂದಿತು. ನಕ್ಷತ್ರಗಳ ಬೇಟೆಗಾರ ಮಹಾವ್ಯಾಧ ಸಂಜೆಯೇ ಮೂಡಣದಲ್ಲಿ ಏರತೊಡಗಿದ. ಬೀದಿದೀಪ ಕಣ್ಣಿಗೆ ಹೊಡೆಯುತ್ತದೆಂದು ಜುಬೇದಾ ಟೀಚರ್ ಒಂದು ಕರಿಯ ಮುಸುಕು ಹೊಲಿದು ತಂದರು. ಅದು ಒಬ್ಬರ ತಲೆಗೆ ಆಗುವ ಅಳತೆಯದಲ್ಲ, ಇಬ್ಬರು ಹಿಡಿಸುವಷ್ಟು ಅಗಲ. ಮಹಾವ್ಯಾಧನ ಕತ್ತಿಯಲ್ಲಿರುವ ದೊಡ್ಡ ನೀಹಾರಿಕೆಯನ್ನು ನಾನು ಹಿಡಿದು ಕೊಟ್ಟ ಕೂಡಲೇ ಇಬ್ಬರೂ ಮುಸುಕಿನೊಳಗೆ ನುಗ್ಗಿದರು.

"ಹಕ್ಕಿ. ರೆಕ್ಕೆ ಬಿಚ್ಚಿದೆ," ಎಂದಿತು ಒಂದು ದನಿ.

"ಹಕ್ಕಿಯಲ್ಲ ಅಕ್ಕ, ಬೀಸಣಿಗೆ. ನೆರಿಗೆ ನೋಡಿ."

"ಸರಿಯಾಗಿ ನೋಡು. ಕೊಕ್ಕಿದೆ."

"ಸ್ವಲ್ಪ ಸರಿಯಿರಿ, ನನಗೂ ಜಾಗ ಬೇಕು."

ನನ್ನ ಸರದಿ ಆ ಸಂಜೆ ಬರುವ ಹಾಗೆ ತೋರಲಿಲ್ಲ. ಮಂಜು ಬೀಳತೊಡಗಿತ್ತು. ನಾನು ಶಾಲನ್ನು ಬಿಗಿಯಾಗಿ ಹೊದ್ದು ಬಾವಿಕಟ್ಟೆಯ ಮೇಲೆ ಕುಳಿತೆ. ಎದುರಿಗೆ ಒಂದು ಕರಿಯ ಬಟ್ಟೆ, ಅದರ ಕೆಳಗೆ ನಾಲ್ಕು ಕಾಲು, ಮುಗಿಯದ ಜಗಳ. ಅದರ ಮೇಲೆ ಊರಗಲ ಹರಡಿದ ಆಕಾಶ.